ಫೋಟೊ ಚೆನ್ನಾಗಿದೆ, ಮಾರಲು ಬರುವುದಿಲ್ಲ

ಪುಟ್ಟೀ, ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ತೆಗೆದ ಕುಂಕುಮದ ಫೋಟೊ ಚಿತ್ರಗಳನ್ನು ಮಾರಿಕೊಡುವ ಸ್ಟಾಕ್ ಏಜೆನ್ಸಿಯಲ್ಲಿ ರಿಜೆಕ್ಟ್ ಆಯಿತು ಅಂತ ಮುಖ ಸಣ್ಣ ಮಾಡಿಕೊಂಡಿದ್ದೀಯಂತೆ. ಇನ್‌ಸ್ಟಾಗ್ರಾಮಿನಲ್ಲಿ ಅಷ್ಟು ಜನ ಮೆಚ್ಚಿದ್ದು ಅಲ್ಲೇಕೆ ನಡೆಯಲಿಲ್ಲ ಅಂತ ಕೇಳಿದೆಯಲ್ಲ, ಹೇಳುತ್ತೇನೆ. ಮೆಚ್ಚಿದವರೆಲ್ಲ ಅದನ್ನು ನೋಡಿದ್ದು ಅಂಗೈಯಗಲದ ಪರದೆಯಲ್ಲಿ. ಏಜೆನ್ಸಿಯ ಪರಿಶೀಲಕರು ನೂರು ಪ್ರತಿಶತಕ್ಕೆ ಹಿಗ್ಗಿಸಿ ಮೂಲೆ ಮೂಲೆ ನೋಡುತ್ತಾರೆ. ದುಡ್ಡು ಕೊಟ್ಟು ಕೊಂಡವರು ಇದನ್ನು ಹೋರ್ಡಿಂಗಿಗೋ ಡಬ್ಬದ ಲೇಬಲ್ಲಿಗೋ ಹಾಕಿಕೊಂಡರೆ ನಾಳೆ ತಕರಾರು ಬರುತ್ತದೆಯೇ ಅನ್ನುವುದೇ ಅವರ ಚಿಂತೆ.

ನೀನೂ ಒಮ್ಮೆ ಹಾಗೆಯೇ ಹಿಗ್ಗಿಸಿ ನೋಡು. ಲೆನ್ಸನ್ನು ಎಫ್ 1.8ಕ್ಕೆ ತೆರೆದಿದ್ದರಿಂದ ಮುಂದಿನ ಕೆಂಪು ರಾಶಿಯ ತುದಿ ಮಾತ್ರ ಸ್ಫುಟವಾಗಿದೆ, ಅದರ ಬುಡವೇ ಮಸುಕು. ಚಾವಣಿಯ ಕೆಳಗಿನ ಕತ್ತಲನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದೆಳೆದು ಬೆಳಗಿಸಿದ್ದೀಯ, ಅಲ್ಲೆಲ್ಲ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ. ಕೆಂಪನ್ನು ಎಷ್ಟು ಏರಿಸಿದ್ದೀಯೆಂದರೆ ಪುಡಿಯ ಕಣಗಳೇ ಕಾಣದೆ ಬಣ್ಣ ಬಳಿದ ಗೋಡೆಯಂತಾಗಿದೆ. ಎಫ್ 8ರ ಆಸುಪಾಸು, ಕಡಿಮೆ ಐಎಸ್‌ಒ, ರಾ ಫೈಲ್ (ಕ್ಯಾಮೆರಾದ ಮೂಲ ಕಡತ), ಕ್ಯಾಮೆರಾ ಊರಲು ಒಂದು ಆಸರೆ: ಇಷ್ಟಿದ್ದರೆ ಅರ್ಧ ರೋಗ ವಾಸಿ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಎರಡೂ ಏಜೆನ್ಸಿಗಳಲ್ಲಿ ಕನಿಷ್ಠ ಬೇಕಾದದ್ದು 4 ಮೆಗಾಪಿಕ್ಸೆಲ್ ಮಾತ್ರ. ಹಾಗಾಗಿ ಹೊಸ ಕ್ಯಾಮೆರಾಕ್ಕೆ ಅಪ್ಪನ ಹತ್ತಿರ ಹಟ ಮಾಡಬೇಡ.

ಅದಕ್ಕಿಂತ ದೊಡ್ಡ ತೊಡಕು ಹಿಂದುಗಡೆ ಇದೆ. ಊದುಬತ್ತಿ ಪೊಟ್ಟಣದ ಮೇಲಿನ ಹೆಸರು, ತಂಪು ಪಾನೀಯದ ಬೋರ್ಡು, ಅಂಗಡಿಯವರ ಮುಖ. ಜಾಹೀರಾತಿಗೆ ಮಾರುವ ಫೋಟೊದಲ್ಲಿ ಕಂಪನಿಯ ಹೆಸರು, ಲಾಂಛನ ಇರಕೂಡದು. ಗುರುತು ಸಿಗುವ ಮುಖವಿದ್ದರೆ ಮಾಡೆಲ್ ರಿಲೀಸ್, ಅಂದರೆ ಅವರು ಸಹಿ ಹಾಕಿದ ಒಪ್ಪಿಗೆ ಪತ್ರ, ಬೇಕು. ಮಕ್ಕಳಾದರೆ ತಂದೆತಾಯಿಯೋ ಪೋಷಕರೋ ಸಹಿ ಹಾಕಬೇಕು. ಫಾರಂ ಇಂಗ್ಲಿಷಿನಲ್ಲಿದೆ ಅಂತ ಸುಮ್ಮನೆ ಸಹಿ ಹಾಕಿಸಿಕೊಳ್ಳಬೇಡ. ನಿಮ್ಮ ಮುಖ ಯಾವುದೋ ಜಾಹೀರಾತಿನಲ್ಲಿ ಬರಬಹುದು ಅಂತ ಕನ್ನಡದಲ್ಲಿ ಬಿಡಿಸಿ ಹೇಳು. ಬೇಡ ಎಂದರೆ ಅಲ್ಲಿಗೆ ಬಿಡು. ಕಟ್ಟಡಗಳಲ್ಲೂ ಇಂಥ ಕಿರಿಕಿರಿ ಇದೆ. ಪ್ಯಾರಿಸ್ಸಿನ ಐಫೆಲ್ ಟವರನ್ನು ಹಗಲಲ್ಲಿ ತೆಗೆದು ಮಾರಬಹುದು, ರಾತ್ರಿಯ ದೀಪಾಲಂಕಾರಕ್ಕೆ ಮಾತ್ರ ಹಕ್ಕುಸ್ವಾಮ್ಯವುಂಟು!

ದಸರಾ ಜಂಬೂಸವಾರಿಯ ಜನಸಾಗರದಲ್ಲಿ ಯಾರ ಸಹಿ ಅಂತ ಹಾಕಿಸುತ್ತೀ? ಅಂಥದ್ದನ್ನು ಎಡಿಟೋರಿಯಲ್ ವಿಭಾಗಕ್ಕೆ ಕಳಿಸು. ಸುದ್ದಿಗೆ, ಪಾಠಕ್ಕೆ ಬಳಸುವ ಚಿತ್ರಗಳವು, ಜಾಹೀರಾತಿಗಲ್ಲ. ಅಡಿಬರಹದಲ್ಲಿ ಊರು, ದೇಶ, ದಿನಾಂಕ, ನಡೆದದ್ದೇನು ಅನ್ನುವುದು ಇರಬೇಕು. ಅಡ್ಡ ಬಂದ ವಿದ್ಯುತ್ ತಂತಿಯನ್ನೂ ಅಳಿಸುವಂತಿಲ್ಲ.

ಇನ್ನು ಒಂದೇ ರಾಶಿಯ ಹದಿನೈದು ಫೋಟೊ ಒಟ್ಟಿಗೆ ಕಳಿಸುವ ಚಾಳಿ ಬಿಡು. ಒಂದು ಅಡ್ಡ, ಒಂದು ಉದ್ದ, ಅಕ್ಷರ ಹಾಕಲು ಜಾಗ ಬಿಟ್ಟದ್ದು ಒಂದು, ಸಾಕು. ಅಲಾಮಿ ಎಂಬ ಏಜೆನ್ಸಿಯ ಪದ್ಧತಿ ಇನ್ನೂ ಬಿಗಿ: ಒಂದು ಫೋಟೊ ಗುಣಮಟ್ಟದಲ್ಲಿ ಬಿದ್ದರೆ ಅದರ ಜೊತೆ ಸರದಿಯಲ್ಲಿದ್ದವೂ ಬೀಳುತ್ತವೆ. ಹುಡುಕುವವರಿಗಾಗಿ ಹಾಕುವ ಕೀವರ್ಡಿನಲ್ಲೂ ಆಸೆಬುರುಕತನ ಬೇಡ. ಶಟರ್‌ಸ್ಟಾಕ್‌ನಲ್ಲಿ 50ರವರೆಗೆ ಹಾಕಬಹುದು ಅಂದಮಾತ್ರಕ್ಕೆ ಕುಂಕುಮದ ಫೋಟೊಗೆ ಹೋಳಿ, ಹಂಪಿ, ಯೋಗ ಅಂತ ತುರುಕಿದರೆ ಅದೂ ತಿರಸ್ಕಾರಕ್ಕೆ ಕಾರಣವೇ. ಅಡೋಬಿಯಲ್ಲಿ ಮೊದಲ ಹತ್ತು ಪದಗಳಿಗೆ ತೂಕ ಜಾಸ್ತಿ, ಮುಖ್ಯವಾದವನ್ನು ಮುಂದಿಡು.

ರಿಜೆಕ್ಟ್ ಆದಾಗ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಕೋಪ ಇಳಿದ ಮೇಲೆ ಅದನ್ನು ಓದು, ತಿದ್ದಲು ಬರುವಂತಿದ್ದರೆ ರಾ ಫೈಲಿನಿಂದ ಮತ್ತೆ ಶುರುಮಾಡು. ಫೋಕಸ್ಸೇ ತಪ್ಪಿದ್ದರೆ ಕೈಬಿಡು, ಶಾರ್ಪ್ ಮಾಡಲು ಹೋದರೆ ಇನ್ನಷ್ಟು ಕೆಡುತ್ತದೆ. ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಶಟರ್‌ಸ್ಟಾಕ್ 2020ರಲ್ಲಿ ತಂದ ಲೆಕ್ಕದಲ್ಲಿ ಛಾಯಾಗ್ರಾಹಕರ ಪಾಲು 15ರಿಂದ 40 ಪ್ರತಿಶತ, ಅದೂ ಪ್ರತಿ ಜನವರಿ 1ಕ್ಕೆ ಮತ್ತೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಕಳಿಸುತ್ತಾ ಇರು, ಆದರೆ ಇದನ್ನೇ ನಂಬಿಕೊಂಡು ಇರುವ ಕೆಲಸ ಬಿಡಬೇಡ.