ರೀಲ್ಸ್ ನಂಬುವ ಮುನ್ನ

ಉಪ್ಪಿನಬೆಟಗೇರಿಯ ಗೆಳೆಯರೇ, ಈಗ ಜಾಹೀರಾತು ಊರ ಗೋಡೆಗಿಂತ ಹೆಚ್ಚಾಗಿ ಕೈಯಲ್ಲಿನ ಮೊಬೈಲಿಗೇ ಬರುತ್ತದೆ. ನಮ್ಮದೇ ಧಾರವಾಡದ ಮಾತಿನಲ್ಲಿ ನಗಿಸುತ್ತ ರೀಲ್ಸ್ ಮಾಡುವವರು ನಡುವೆ ಕೂದಲೆಣ್ಣೆಯನ್ನೋ ಸಾಲದ ಆ್ಯಪನ್ನೋ ಹೊಗಳಿದರೆ, ಅದು ಹಣ ಪಡೆದ ಪ್ರಚಾರವಿರಬಹುದು. ಅಂಥದಕ್ಕೆ ಜಾಹೀರಾತು ಎಂದು ಎದ್ದು ಕಾಣುವಂತೆ ಗುರುತು ಹಾಕಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಸರ್ಕಾರ 2023ರಲ್ಲಿ ಹೇಳಿವೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಪ್ರಚಾರವನ್ನಂತೂ 2025ರ ಕಾಯ್ದೆ ನಿಷೇಧಿಸಿದೆ.

ಮೊದಲು ಗುರುತು ನೋಡಿ, ಬಳಸಿದವರನ್ನು ವಿಚಾರಿಸಿ, ಆಮೇಲೆ ಕೊಳ್ಳಿ. ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿ: ಗ್ರಾಹಕರ ದೂರಿಗೆ 1915, ಖಾತೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.