ಕೊಂಡಿ ಸತ್ತರೂ ಕಡತ ಉಳಿಯಲಿ

ಇಂಟರ್ನೆಟ್ ಆರ್ಕೈವಿನಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕಿದವರಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ ಗ್ರಂಥಾಲಯದ ಮುದ್ರೆ ಕಂಡೇ ಇರುತ್ತದೆ. ಅಂಥ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ದೊಡ್ಡ ಕೇಂದ್ರಗಳಲ್ಲಿ ಹೈದರಾಬಾದಿನ ಐಐಐಟಿಯೂ ಒಂದಾಗಿತ್ತು. ಆ ಯೋಜನೆಯ ಹಳೆಯ ಜಾಲತಾಣದ ಕೊಂಡಿಗಳು ಈಗ ತೆರೆಯುವುದಿಲ್ಲ. ಆದರೂ ಪುಸ್ತಕಗಳು ಸಿಗುತ್ತಿವೆ, ಬೇರೆಡೆ ಪ್ರತಿ ಇತ್ತಲ್ಲ!

ಹೈದರಾಬಾದಿನ ಒಂದು ಕನ್ನಡ ಸಂಘ ತನ್ನ ಸ್ಮರಣ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತದೆ ಎಂದುಕೊಳ್ಳಿ. ಕಡತ ಒಂದೇ ಸರ್ವರಿನಲ್ಲಿದ್ದರೆ, ಬಾಡಿಗೆ ಕಟ್ಟುವುದು ಮರೆತ ದಿನ ಎಲ್ಲವೂ ಮಾಯ. ಇಂಥಲ್ಲಿ ವಿಕೇಂದ್ರೀಕೃತ ಸಂಗ್ರಹ, ಅಂದರೆ ಹಲವರ ಯಂತ್ರಗಳಲ್ಲಿ ಪ್ರತಿ ಇಡುವ ಕ್ರಮ, ಕೈಹಿಡಿಯುತ್ತದೆ. 2015ರಲ್ಲಿ ಬಂದ ಐಪಿಎಫ್‌ಎಸ್‌ ಎಂಬ ಇಂಥ ವ್ಯವಸ್ಥೆಯಲ್ಲಿ ವಿಳಾಸ ಹುಟ್ಟುವುದು ಕಡತದ ಒಳಗಿನಿಂದಲೇ. ಅದನ್ನು ಸಿಐಡಿ ಎನ್ನುತ್ತಾರೆ. ಒಂದು ಅಲ್ಪವಿರಾಮ ಬದಲಾದರೂ ಸಿಐಡಿ ಬೇರೆ.

ಏನನ್ನು ಏರಿಸಬಾರದು ಎಂಬುದನ್ನು ಮೊದಲು ತೀರ್ಮಾನಿಸಿ. ಸದಸ್ಯರ ಆಧಾರ್ ಪ್ರತಿ, ಫೋನ್ ಪಟ್ಟಿ ಬೇಡವೇ ಬೇಡ. ಇನ್ನೊಬ್ಬರ ಯಂತ್ರಕ್ಕೆ ಹೋದ ಪ್ರತಿಯನ್ನು ನೀವು ಅಳಿಸಲಾರಿರಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಅಳಿಸಿ ಎಂದು ಕೇಳುವ ಹಕ್ಕನ್ನು ಹೇಳಿದೆ. ಖಾಸಗಿ ಕಡತಗಳು ಹಳೆಯ ಜಾಗದಲ್ಲೇ ಇರಲಿ.

ಆಮೇಲೆ ಸರ್ವರಿನಲ್ಲಿ ಐಪಿಎಫ್‌ಎಸ್ ನಡೆಸುವ ಕುಬೊ ತಂತ್ರಾಂಶ ಹಾಕಿ. ಇತರ ಯಂತ್ರಗಳೊಡನೆ ಮಾತಾಡಲು 4001 ಪೋರ್ಟ್ ತೆರೆದಿರಲಿ. 5001 ಮಾತ್ರ ಹೊರಗಿನವರಿಗೆ ಸಿಗಕೂಡದು, ಅದು ಮನೆಯ ಬೀಗದ ಕೈ. ಬ್ರೌಸರಿನಿಂದ ನೇರವಾಗಿ ಅಲ್ಲಿಗೆ ಕಳಿಸುವ ಕೋಡ್ ಬರೆಯುವವರಿದ್ದಾರೆ; ದಯವಿಟ್ಟು ಬೇಡ. ಕಡತ ಮೊದಲು ನಿಮ್ಮ ಅಪ್ಲಿಕೇಶನ್ನಿಗೆ ಬರಲಿ. ಅಲ್ಲಿ ಲಾಗಿನ್, ಗಾತ್ರ, ಬಗೆ ನೋಡಿದ ಮೇಲೆ ಅಪ್ಲಿಕೇಶನ್ನೇ ಅದನ್ನು ಕುಬೊಗೆ ಒಪ್ಪಿಸಲಿ. ಸಿಐಡಿಯ ಒಂದನೇ ಆವೃತ್ತಿಯನ್ನೇ ಕೇಳಿ.

ಮರಳಿ ಬಂದ ಸಿಐಡಿಯನ್ನು ಡೇಟಾಬೇಸಿನಲ್ಲಿ ಬರೆದಿಡಿ. ಜೊತೆಗೆ ಕಡತದ ಮೂಲ ಹೆಸರು, ಬಗೆ, ಗಾತ್ರ, ದಿನಾಂಕ ಇರಲಿ. ಎಡವುವುದು ಇಲ್ಲೇ: ಹಲವರು ಐಪಿಎಫ್‌ಎಸ್ ಕಡತವನ್ನು ಬ್ರೌಸರಿಗೆ ತಲುಪಿಸುವ ಯಾವುದೋ ಗೇಟ್‌ವೇಯ ಪೂರ್ತಿ ವಿಳಾಸವನ್ನೇ ಉಳಿಸಿಬಿಡುತ್ತಾರೆ. ಆ ಗೇಟ್‌ವೇ ನಿಂತರೆ ಕಥೆ ಮತ್ತೆ ಸತ್ತ ಕೊಂಡಿಗೇ ಬರುತ್ತದೆ. ಸಿಐಡಿ ಮಾತ್ರ ಇಡಿ, ಗೇಟ್‌ವೇ ಹೆಸರನ್ನು ಪುಟ ತೋರಿಸುವಾಗ ಸೇರಿಸಿ. ಈ ಡೇಟಾಬೇಸಿಗೂ ಬ್ಯಾಕಪ್ ಬೇಕು, ಸಿಐಡಿ ಕಳೆದರೆ ಕಡತ ಇದ್ದೂ ಇಲ್ಲದಂತೆ.

ಇನ್ನು ಪಿನ್, ಅಂದರೆ ಕಡತವನ್ನು ಅಳಿಸದೆ ಇಟ್ಟುಕೊಳ್ಳುವಂತೆ ಯಂತ್ರಕ್ಕೆ ಹೇಳುವುದು. ಐಪಿಎಫ್‌ಎಸ್‌ಗೆ ಹಾಕಿದ್ದು ತಾನಾಗಿಯೇ ಶಾಶ್ವತ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಯಾರೋ ಒಬ್ಬರು ಪಿನ್ ಮಾಡಿ ಇಟ್ಟುಕೊಂಡಿದ್ದರಷ್ಟೇ ಅದು ಉಳಿದೀತು. ಕುಬೊಗೆ ಸೇರಿಸಿದ್ದು ನಿಮ್ಮ ಯಂತ್ರದಲ್ಲಿ ಪಿನ್ ಆಗಿರುತ್ತದೆ, ಅದೊಂದೇ ಸಾಲದು. ಬೆಂಗಳೂರಿನಲ್ಲೋ ರಾಯಚೂರಿನಲ್ಲೋ ಇರುವ ಗೆಳೆಯರ ಯಂತ್ರದಲ್ಲಿ ಇನ್ನೊಂದು ಪಿನ್ ಇರಲಿ. ಇಲ್ಲವೇ ಪಿನ್ ಮಾಡಿಕೊಡುವ ಪಿನಾಟಾದಂಥ ಸೇವೆಗೆ ಕೊಡಿ. ಅದಕ್ಕೂ ಕಡತ ಹೆಚ್ಚಿದಂತೆ ಹಣ ಕಟ್ಟಬೇಕಾಗುತ್ತದೆ, ಅದೇನೂ ಪುಕ್ಕಟೆ ಗೋದಾಮಲ್ಲ.

ಕೊನೆಗೆ ಪರೀಕ್ಷೆ. ಒಂದು ಹೊಸ ಕಡತ ಏರಿಸಿ, ಎರಡನೇ ಕಡೆ ಪಿನ್ ಆದಮೇಲೆ ನಿಮ್ಮ ಕುಬೊವನ್ನು ನಿಲ್ಲಿಸಿ. ಮೊಬೈಲ್ ಡೇಟಾದಲ್ಲಿ ಸಾರ್ವಜನಿಕ ಗೇಟ್‌ವೇ ಮೂಲಕ ಅದನ್ನು ತೆರೆಯಿರಿ. ಮೊದಲೇ ತೆರೆದು ನೋಡಿದ ಕಡತ ಇದಕ್ಕಾಗದು, ಗೇಟ್‌ವೇ ತನ್ನಲ್ಲಿ ಉಳಿದ ಪ್ರತಿಯನ್ನೇ ಕೊಟ್ಟು ನಿಮ್ಮನ್ನು ನಂಬಿಸಿಬಿಟ್ಟೀತು.