ಬಾಯಿ, ದವಡೆಗಳ ಶಸ್ತ್ರಚಿಕಿತ್ಸೆ: ಯಾವಾಗ ಅವಶ್ಯ?



ಕೊಳೆ ರೋಗ ತೋಟವನ್ನೆಲ್ಲ ಹಿಡಿದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಫಲವೆಷ್ಟೆಂಬುದು ಶಿಕಾರಿಪುರ, ಸೊರಬದ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾದುದಲ್ಲ. ಬಾಯಿಯ ರೋಗವೂ ಹಾಗೆಯೇ. ಆದರೆ "ನೋವಿಲ್ಲವಲ್ಲ, ನೋಡೋಣ" ಎಂದು ದಿನ ದೂಡುವವರೇ ನಮ್ಮಲ್ಲಿ ಹೆಚ್ಚು. ಬಾಯಿಯ ವಿಷಯದಲ್ಲಿ ನೋವನ್ನೇ ನಂಬಿ ಕೂಡಬಾರದು. ಇದೇ ಈ ಪಾಠದ ಸಾರ.

ಎಲ್ಲ ಹಲ್ಲುನೋವಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಹುಳುಕನ್ನು ತೆಗೆದು ತುಂಬಿದರೆ ಎಷ್ಟೋ ಹಲ್ಲು ಉಳಿಯುತ್ತವೆ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ನಾಲ್ಕು ಸಂದರ್ಭಗಳನ್ನು ತಿಳಿಯೋಣ.

೧. ಕಡೆಯ ದವಡೆಹಲ್ಲು: ಹದಿನೇಳು ವರ್ಷದ ಮೇಲೆ ಬರುವ ಈ ಹಲ್ಲಿಗೆ ಜಾಗ ಸಾಲದಿದ್ದರೆ ಅದು ಓರೆಯಾಗಿ ಮೂಳೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಮೇಲೆ ಬಾವು ಬಂದರೆ ವೈದ್ಯರು ಸೂಜಿಮದ್ದಿನಿಂದ ಮರಗಟ್ಟಿಸಿ, ಒಸಡನ್ನು ಬಿಡಿಸಿ ಹಲ್ಲನ್ನು ತೆಗೆಯುವರು. ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು.

೨. ಕೀವು: ಹುಳುಕು ಹಲ್ಲಿನ ಕೀವು ದವಡೆಯ ಕೆಳಗೆ, ಕುತ್ತಿಗೆಗೆ ಇಳಿಯಬಲ್ಲದು. ಗಲ್ಲದ ಕೆಳಗೆ ಗಟ್ಟಿ ಬಾವು, ಜ್ವರ, ಎಂಜಲು ನುಂಗಲಾಗದಿರುವುದು, ಉಸಿರುಕಟ್ಟುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಬಿಸಿ ಶಾಖ, ನೋವಿನ ಮಾತ್ರೆಗಳಿಂದ ಈ ಕೀವು ಹೋಗದು. ಕೂಡಲೆ ೧೦೮ಕ್ಕೆ ಕರೆಮಾಡಿ. ಇದು ಪ್ರಾಣಕ್ಕೇ ಅಪಾಯ.

೩. ಪೆಟ್ಟು: ದೀಪಾವಳಿಯ ನಂತರದ ಹೋರಿ ಹಬ್ಬದಲ್ಲಿ ಕೊಂಬು ತಗುಲಿಯೋ, ಬೈಕಿನಿಂದ ಬಿದ್ದೋ ದವಡೆ ಮುರಿಯಬಹುದು. ಮೇಲಿನ ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ಕೆಳದುಟಿ ಮರಗಟ್ಟಿದ್ದರೆ ಮೂಳೆ ಮುರಿದಿರಬಹುದೆಂದು ತಿಳಿಯಿರಿ. ಟೈಟೇನಿಯಂ ಪಟ್ಟಿಯಿಂದಲೋ, ತಂತಿ ಕಟ್ಟಿಯೋ ಮುರಿದ ಮೂಳೆಯನ್ನು ಕೂಡಿಸುವರು. ಅದು ಕೂಡಿಬರಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಗಂಜಿ, ಮೆತ್ತನೆಯ ಅನ್ನವೇ ಆಹಾರ. ಶಾಶ್ವತ ಹಲ್ಲು ಪೂರ್ತಿ ಕಿತ್ತುಬಂದಿದ್ದರೆ ಬೇರನ್ನು ಮುಟ್ಟದೆ, ಉಜ್ಜದೆ, ತಣ್ಣನೆಯ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಒಯ್ಯಿರಿ. ಅದನ್ನು ಮತ್ತೆ ನಾಟಿ ಉಳಿಸುವ ಸಂಭವವುಂಟು.

೪. ಮಾಯದ ಹುಣ್ಣು: ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಇವು ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ಆರಂಭದಲ್ಲಿ ಬಹುಮಟ್ಟಿಗೆ ನೋವಿರುವುದಿಲ್ಲ. ಒಂದರ ಮೇಲೊಂದು ಇಟ್ಟ ಮೂರು ಬೆರಳು ಬಾಯೊಳಗೆ ಹಿಡಿಯದಿದ್ದರೆ, ಖಾರ ತಾಗಿದೊಡನೆ ಉರಿದರೆ, ಅದೂ ಎಚ್ಚರಿಕೆಯೇ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಹೀಗೆ ಬಿಗಿಯುತ್ತದೆ.

ಅಡಿಕೆ ನಮಗೆ ಅನ್ನ ಕೊಡುವ ಬೆಳೆ. ಆದರೂ ಸತ್ಯವನ್ನು ಮುಚ್ಚಿಡಬಾರದು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬೆಳೆಯುವುದು ಬೇರೆ, ಜಗಿಯುವುದು ಬೇರೆ.

"ಕತ್ತಿ ತಾಗಿದರೆ ಹುಣ್ಣು ಹರಡುತ್ತದೆ" ಎಂಬ ಮಾತು ಹಳ್ಳಿಗಳಲ್ಲಿದೆ. ಪರೀಕ್ಷೆಗೆಂದು ಕಾಳಿನಷ್ಟು ಚೂರು ತೆಗೆಯುವುದರಿಂದ ಹುಣ್ಣು ಹರಡದು. ತಡಮಾಡಿದರೆ ಹರಡುತ್ತದೆ. ಮೊದಲೇ ಬಂದವರಿಗೆ ಚಿಕ್ಕ ಭಾಗ ತೆಗೆದರೆ ಸಾಕಾಗಬಹುದು. ತಡವಾದರೆ ದವಡೆಯನ್ನೇ ಕಳೆದುಕೊಳ್ಳಬೇಕಾದೀತು.

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿರಿ. ಅಗತ್ಯವಿದ್ದರೆ ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಕ್ಯಾನ್ಸರಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಕಳುಹಿಸಬಹುದು. ರೇಷನ್ ಕಾರ್ಡು, ಆಧಾರ್, ವೈದ್ಯರ ಶಿಫಾರಸು ಪತ್ರ ಜೊತೆಗಿರಲಿ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ನಿಮ್ಮ ಚಿಕಿತ್ಸೆಗೆ ದೊರೆಯುವುದೇ ಎಂದು ಆಸ್ಪತ್ರೆಯಲ್ಲಿ ಕೇಳಿರಿ.

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ತುಟಿ, ಕೆನ್ನೆಯ ಒಳಗು, ನಾಲಗೆಯ ಅಂಚು, ನಾಲಗೆಯಡಿ ನೋಡಿಕೊಳ್ಳಿ. ಮನೆಯ ಹಿರಿಯರ ಬಾಯನ್ನೂ ನೋಡಿರಿ. ಎರಡು ನಿಮಿಷದ ಕೆಲಸ; ಇದಕ್ಕೆ ಕಾಸು ಖರ್ಚಿಲ್ಲ.